ಎರಡು ಕಾಲೇಜು, ಒಂದು ಹೊಲ

ಬಿ.ಎ. ಮಾಡಿದವನಿಗೆ ನಮ್ಮ ಕಡೆ ಉದ್ಯೋಗ ಸಿಕ್ಕದಿದ್ದರೂ ಒಂದು ಕೆಲಸ ಮಾತ್ರ ತಪ್ಪದೆ ಸಿಕ್ಕುತ್ತದೆ. ಅವನು ನೆಂಟರಿಷ್ಟರಿಗೆಲ್ಲ ತಕ್ಕಡಿಯಾಗುತ್ತಾನೆ. ಬಂದ ಎರಡು ಸಂಬಂಧಗಳಲ್ಲಿ ಯಾವ ಗಂಡು ವಾಸಿ, ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋಗಬೇಕೋ ಕೊಯಮತ್ತೂರಿಗೋ, ಹೊಲಿಗೆ ಯಂತ್ರದಲ್ಲಿ ಕೈಯಲ್ಲಿ ತಿರುಗಿಸುವುದು ಮೇಲೋ ಕಾಲಲ್ಲಿ ತುಳಿಯುವುದು ಮೇಲೋ, ಎಲ್ಲವೂ ನನ್ನ ಜಗಲಿಗೆ ಬಂದು ಕೂರುತ್ತವೆ. ನಾನು ಓದಿದ್ದು ತರ್ಕಶಾಸ್ತ್ರ. ಅದು ನನಗೆ ಅನುಮಾನಪಡುವುದನ್ನು ಚೆನ್ನಾಗಿ ಕಲಿಸಿತು. ಆರಿಸುವುದನ್ನು ಕಲಿಸುವ ಹೊತ್ತಿಗೆ ಪರೀಕ್ಷೆ ಬಂದುಬಿಟ್ಟಿತು. ಹೋಟೆಲಿನ ಮಾಣಿ ‘ಇಡ್ಲಿಯೋ ದೋಸೆಯೋ’ ಎಂದು ಕೇಳಿದರೆ ‘ಕಾಫಿ ಸಾಕು’ ಎಂದು ಹೇಳಿ ಹಸಿದುಕೊಂಡೇ ಎದ್ದು ಬರುವವನು ನಾನು. ಇದು ಊರಿಗೆಲ್ಲ ಗೊತ್ತು. ಆದರೂ ಬರುತ್ತಾರೆ. ತೂಗಲು ಬಾರದ ತಕ್ಕಡಿಯಾದರೂ ತಕ್ಕಡಿಯೇ ಅಲ್ಲವೆ?

ಹೀಗೆ ಬಂದವರಲ್ಲಿ ನನ್ನನ್ನು ನಿಜವಾಗಿ ಕಂಗೆಡಿಸಿದವರು ಮಾಂಬಳ್ಳಿಯ ನನ್ನ ಚಿಕ್ಕಪ್ಪ, ಅಂದರೆ ನನ್ನ ತಾಯಿಯ ತಂಗಿಯ ಯಜಮಾನರು. ಒಂದು ಬೇಸಿಗೆಯ ಬೆಳಿಗ್ಗೆ ಕೊಳ್ಳೇಗಾಲದ ನಮ್ಮ ಮನೆಯ ಮುಂದೆ ಗಾಡಿ ಬಿಡಿಸಿ, ಎತ್ತುಗಳಿಗೆ ಹುಲ್ಲು ಹಾಕಿ, ಆಮೇಲೆ ನನ್ನ ಕಡೆ ತಿರುಗಿದರು.

“ಏನ್ಲಾ ಬಿ.ಎ., ಮನೇಲೇ ಇದ್ದಯಾ? ನಿಂಗೊಂದು ಕೆಲ್ಸ ತಂದಿವ್ನಿ ಕಣ್ಲಾ.”

ಕೆಲಸ ಇಷ್ಟು. ಅವರ ಕಿರಿಯ ಮಗ ಗುರು ಇಂಟರ್‌ಮೀಡಿಯೆಟ್ ಪಾಸು ಮಾಡಿದ್ದ. ಬೇಸಾಯದ ಕಾಲೇಜಿಗೇ ಸೇರುತ್ತೇನೆಂದು ಹಟ ಹಿಡಿದಿದ್ದ. ಅಂಥ ಕಾಲೇಜು ಬೆಂಗಳೂರಿನಲ್ಲಿ ಒಂದು, ಕೊಯಮತ್ತೂರಿನಲ್ಲಿ ಒಂದು.

“ಎಲ್ಡ್ರಲ್ಲಿ ಯಾವ್ದ್ಕ ಎಷ್ಟು ಕರ್ಚು, ಅಲ್ಲಿ ಓದ್ಕ ಬಂದೋರು ಏನಾದ್ರು, ತೂಕ ಆಕಿ ಏಳು. ನೀ ಓದ್ದೋನು.”

“ಚಿಕ್ಕವ್ವ ಏನಂತಾಳೆ?”

“ಅವ್ಳು ಏನೂ ಅನ್ನದಿಲ್ಲ” ಎಂದರು ಚಿಕ್ಕಪ್ಪ, ಎತ್ತಿನ ಕಡೆ ನೋಡುತ್ತಾ. “ಅದ್ಕೇ ನಿನ್ತಾವ್ಕ ಬಂದಿರಾದು. ಅವ್ಳು ಊ ಅಂದ್ರ ಕಳ್ಸದು. ಇಲ್ಲಾಂದ್ರ ಐಕ್ಳು ಮನೇಲಿ ಇರ್ಲಿ.”

ಮನೆಯಲ್ಲಿ ಉಳಿದಿದ್ದ ಮಗ ಒಬ್ಬನೇ. ಆದರೂ ಚಿಕ್ಕಪ್ಪ ‘ಐಕ್ಳು’ ಎಂದರು, ಮಕ್ಕಳು ಎಂದು. ಬಾಯಿಗೆ ರೂಢಿಯಾದದ್ದು ಬೇಗ ಬಿಟ್ಟುಹೋಗುವುದಿಲ್ಲ. ನಾನೂ ತಿದ್ದಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಕೊಳ್ಳೇಗಾಲ ಮದರಾಸು ಸರ್ಕಾರದ್ದು. ಗಾಡಿಯಲ್ಲಿ ಒಂದು ನಿದ್ದೆ ತೆಗೆಯುವಷ್ಟು ದೂರದ ಯಳಂದೂರು, ಮಾಂಬಳ್ಳಿಗಳು ಮೈಸೂರಿನವು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ಎತ್ತುಗಳಿಗೆ ರಾಜ್ಯ ಬದಲಾದದ್ದು ಗೊತ್ತೇ ಆಗುವುದಿಲ್ಲ. ಮನುಷ್ಯರಿಗೆ ಮಾತ್ರ ಸೇರಿನ ಅಳತೆ ಬೇರೆ, ಕೋರ್ಟು ಬೇರೆ, ದೊರೆ ಬೇರೆ. ಇಲ್ಲಿ ನಾವು ಕಚೇರಿಯಲ್ಲಿ ತಮಿಳಿನಲ್ಲಿ ಬೈಸಿಕೊಂಡು, ಮನೆಗೆ ಬಂದು ಕನ್ನಡದಲ್ಲಿ ಬಯ್ಯುತ್ತೇವೆ. ಗುರು ಹುಟ್ಟಿದ್ದು ಆಚೆ. ಹೈಸ್ಕೂಲು ಓದಿದ್ದು ಈಚೆ, ನಮ್ಮ ಮನೆಯಲ್ಲಿದ್ದುಕೊಂಡು. ಹಾಗಾಗಿ ಎರಡು ಸರ್ಕಾರಗಳ ಬಾಗಿಲೂ ಅವನಿಗೆ ಅರ್ಧರ್ಧ ತೆರೆದಿದ್ದವು. ಬಾಗಿಲು ಒಂದೇ ಇದ್ದರೆ ಒಳಗೆ ಹೋಗುತ್ತೇವೆ. ಎರಡಿದ್ದರೆ ಬಿ.ಎ. ಮಾಡಿದವನನ್ನು ಕೇಳುತ್ತೇವೆ.

ಖರ್ಚನ್ನು ತೂಗುವುದೇನೂ ಕಷ್ಟವಾಗಲಿಲ್ಲ. ಬೆಂಗಳೂರಿಗೆ ಹೋದರೆ ಸ್ವಂತ ಸರ್ಕಾರದ ಹುಡುಗನೆಂದು ಫೀಜು ಕಡಿಮೆ, ಆದರೆ ಊರು ದುಬಾರಿ. ಅಲ್ಲಿ ಹುಡುಗರಿಗೆ ಇಸ್ತ್ರಿಯ ಚಾಳಿ ಹತ್ತುತ್ತದೆ. ಕೊಯಮತ್ತೂರಿಗೆ ಹೋದರೆ ಊಟ ಅಗ್ಗ, ಆದರೆ ದಿಂಬಂ ಘಟ್ಟ ಇಳಿದು ಹೋಗಬೇಕು, ತಮಿಳು ಕಲಿಯಬೇಕು, ಹಬ್ಬಕ್ಕೆ ಬಂದು ಹೋಗುವುದಕ್ಕೇ ರಜ ಮುಗಿಯುತ್ತದೆ. ಕೇಳಿ ತಿಳಿದದ್ದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದು ಚಿಕ್ಕಪ್ಪನಿಗೆ ಓದಿ ಒಪ್ಪಿಸಿದೆ. ಅವರು ತಲೆದೂಗಿ, “ಇಟ್ಟು ಸಿಕ್ಕದಾ ಅಲ್ಲಿ?” ಎಂದು ಕೇಳಿದರು. ಕೊಯಮತ್ತೂರಿನಲ್ಲಿ ರಾಗಿಹಿಟ್ಟಿನ ಮುದ್ದೆ ಕಟ್ಟುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ವಿದ್ಯಾವಂತನ ಮೊದಲ ಸೋಲು ಅದು.

ಎರಡನೆಯದು ‘ಓದ್ಕ ಬಂದೋರು ಏನಾದ್ರು’ ಎಂಬುದು. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ದಾರಿಯಿದೆ. ಎರಡನ್ನು ಹೋಲಿಸಬೇಕಾದರೆ ಬೇರೆಲ್ಲ ಒಂದೇ ಆಗಿದ್ದು, ಒಂದು ಮಾತ್ರ ಬೇರೆ ಇರಬೇಕು. ಒಂದೇ ಮಣ್ಣು, ಒಂದೇ ಮಳೆ, ಬೀಜ ಮಾತ್ರ ಬೇರೆ. ಆಗ ಬೀಜದ ಗುಣ ತಿಳಿಯುತ್ತದೆ. ಹಾಗೆ ಹೋಲಿಸಲು ಬೆಂಗಳೂರಿನಲ್ಲಿ ಓದಿದ ನಮ್ಮವನೊಬ್ಬ ಬೇಕು, ಕೊಯಮತ್ತೂರಿನಲ್ಲಿ ಓದಿದ ನಮ್ಮವನೊಬ್ಬ ಬೇಕು. ಬೆಂಗಳೂರಿನಲ್ಲಿ ಓದಿದ ನಮ್ಮವನು ಒಬ್ಬನಿದ್ದ. ಚಿಕ್ಕಪ್ಪನ ಹಿರಿಯ ಮಗ ಮಾದೇವ.

ಮಾದೇವನ ವಿಷಯ ಬರೆಯುವಾಗ ನಾನು ಹುಷಾರಾಗಿರಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅವನು ಕಾಲೇಜಿನಿಂದ ಮೊದಲ ಸಲ ರಜಕ್ಕೆ ಬಂದಾಗ ತಲೆಗೆ ಹ್ಯಾಟು ಹಾಕಿದ್ದನೆಂದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹ್ಯಾಟೇ ಇರಲಿಲ್ಲ, ವಲ್ಲಿಬಟ್ಟೆ ಸುತ್ತಿದ್ದ ಎನ್ನುತ್ತಾರೆ ಚಿಕ್ಕಪ್ಪ. ಗುರುವನ್ನು ಕೇಳಿದರೆ ಬರಿದಲೆ. ಮೂವರು ಕಂಡ ಒಂದೇ ತಲೆ! ತಲೆಯಂತೂ ಇತ್ತು, ಆ ತಲೆಯ ತುಂಬ ಸಾಲಿನ ಬೇಸಾಯ ಇತ್ತು, ಇಷ್ಟರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಕಾಲೇಜಿನಲ್ಲಿ ಅವನಿಗೊಂದು ತುಂಡು ನೆಲ ಕೊಟ್ಟು, ಬಿತ್ತಿದ್ದು ಎಷ್ಟು, ಬೆಳೆದದ್ದು ಎಷ್ಟು ಎಂದು ಬರೆದಿಡಲು ಕಲಿಸಿದ್ದರಂತೆ. ಊರಿಗೆ ಬಂದವನೇ ಅಪ್ಪನ ಹೊಲದಲ್ಲೂ ಒಂದು ತುಂಡು ಕೇಳಿದ, ಹಗ್ಗ ಹಿಡಿದು ಅಳೆದ, ಅಕ್ಕಡಿ ಬೇಡ ಎಂದ.

ಅಕ್ಕಡಿ ಎಂದರೆ ನಮ್ಮ ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಬೆರಕೆ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ, ಒಂದಿಷ್ಟು ಸಾಸಿವೆ. ಕೂರಿಗೆಯ ಹಿಂದೆ ಹೆಂಗಸರು ಮಡಿಲಲ್ಲಿ ಕಾಳು ಕಟ್ಟಿಕೊಂಡು ನಡೆಯುತ್ತಾ ಬಿಡುತ್ತಾ ಹೋಗುತ್ತಾರೆ. ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆಯಿದೆ. ರಾಗಿ ಗಂಡಸಿನದು, ಅಕ್ಕಡಿ ಹೆಂಗಸಿನದು. ರಾಗಿಯನ್ನು ಅಳೆದು ಕಣಜಕ್ಕೆ ಹಾಕುತ್ತಾರೆ. ಅಕ್ಕಡಿಯನ್ನು ಯಾರೂ ಅಳೆಯುವುದಿಲ್ಲ. ಕೊಯ್ಲಿಗೆ ಬಂದ ಹೆಂಗಸರು ಮನೆಗೆ ಹೋಗುವಾಗ ಮಡಿಲು ತುಂಬ ಅವರೆ ಕಿತ್ತುಕೊಂಡು ಹೋಗುತ್ತಾರೆ. ಕೊಟ್ಟ ಹೆಣ್ಣುಮಕ್ಕಳ ಮನೆಗೆ ಒಂದು ಗಂಟು ಹೋಗುತ್ತದೆ. ಬಸುರಿಗೆ, ಬಾಣಂತಿಗೆ, ಮುನಿಸಿಕೊಂಡ ಓರಗಿತ್ತಿಗೆ ಹೋಗುತ್ತದೆ.

ಮಾದೇವನ ತಕರಾರೂ ಅದೇ ಆಗಿತ್ತು. ಅಳೆಯದೆ ಹೋದದ್ದನ್ನು ಲೆಕ್ಕದಲ್ಲಿ ಎಲ್ಲಿ ಬರೆಯುವುದು? ಎಲ್ಲ ಬೆರೆತಿದ್ದರೆ ಯಾವುದರಿಂದ ಎಷ್ಟು ಬಂತೆಂದು ಹೇಗೆ ತಿಳಿಯುವುದು?

“ಅಕ್ಕಡಿ ಇಲ್ದ ಒಲ ಮೂಗಿಲ್ದ ಮಕ ಕಣ್ಲಾ” ಎಂದಳು ಚಿಕ್ಕವ್ವ.

“ಮೂಗಿದ್ರ ನೆಗಡಿ ಬತ್ತದ ಕವ್ವ” ಎಂದ ಮಾದೇವ.

ಅವಳು ನಕ್ಕಳು. ನಕ್ಕವಳು ಸೋತಳು. ಆ ತುಂಡಿನಲ್ಲಿ ಬರಿಯ ರಾಗಿ ಬಿತ್ತಲಾಯಿತು. ಮಾದೇವನಿಗೆ ಅನ್ಯಾಯ ಮಾಡಬಾರದು: ರಾಗಿ ಚೆನ್ನಾಗಿಯೇ ಬಂತು. ನೋಡಿದವರೆಲ್ಲ ಹೌದೆಂದರು. ಊರಿನವರು ಓದಿದವನ ಸೋಲನ್ನು ನೋಡಿ ನಗಲು ಬಂದು ನಿರಾಶರಾಗಿ ಹೋದರು.

ಕಷ್ಟ ಬಂದದ್ದು ಕೊಯ್ಲಿನ ಕೊನೆಯ ದಿನ. ಹೆಂಗಸರು ಕುಡುಗೋಲು ಕೆಳಗಿಟ್ಟು ಸೆರಗು ಬಿಚ್ಚಿದರು, ಕೀಳಲು ಅವರೆಯಿಲ್ಲ. ಉಳಿದ ಹೊಲದ ಅಕ್ಕಡಿ ನೆಂಟರಿಗೇ ಸಾಲದಷ್ಟಿತ್ತು. ಚಿಕ್ಕವ್ವ ಏನು ಮಾಡಿದಳು? ಯಳಂದೂರಿನ ಸಂತೆಗೆ ಹೋಗಿ ಅವರೆಕಾಯಿ ಕೊಂಡಳು. ಹೊಲವಿದ್ದ ಮನೆಯ ಯಜಮಾನಿ ಸಂತೆಯಲ್ಲಿ ಅವರೆಕಾಯಿ ಕೊಳ್ಳುವುದೆಂದರೆ ನಮ್ಮ ಕಡೆ ಮರ್ಯಾದೆಯ ಪ್ರಶ್ನೆ. ಮಂಕರಿಯ ಮೇಲೆ ಸೀರೆ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಬಂದು, ಮರುದಿನ ಹೊಲದಲ್ಲೇ ಬೆಳೆದದ್ದೆಂಬಂತೆ ಎಲ್ಲರ ಮಡಿಲಿಗೂ ಹಾಕಿದಳು. ಯಾರೂ ಏನೂ ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ ಕಾಯಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, “ನಿಮ್ಮೊಲದ ಅವರೆ ಸೊಗಡು ಮೂರ್ದಿನ ತೊಳುದ್ರೂ ಓಗ್ತಿರ್ನಿಲ್ಲ ಕವ್ವ. ಈ ಸತಿ ಯಾಕೋ ಕಾಯ್ಗ ಸೊಗಡೇ ಇಲ್ಲ” ಎಂದಳು. ಎಲ್ಲರೂ ನಕ್ಕರು. ಮಾದೇವ ಅಲ್ಲೇ ನಿಂತಿದ್ದ. ಅವನು ನಕ್ಕನೋ ಇಲ್ಲವೋ ನನಗೆ ನೆನಪಿಲ್ಲ. ನಾನು ಅಲ್ಲಿದ್ದೆನೋ ಇಲ್ಲವೋ ಎಂಬುದೂ ಈಚೆಗೆ ಖಚಿತವಾಗಿ ತೋರುತ್ತಿಲ್ಲ. ಚಿಕ್ಕವ್ವ ಹೇಳಿದ್ದನ್ನು ಎಷ್ಟೋ ಸಲ ಕೇಳಿ, ಅದರೊಳಗೆ ನಾನೂ ಒಂದು ಮೂಲೆಯಲ್ಲಿ ಹೋಗಿ ನಿಂತಿರಬಹುದು. ನೆನಪೂ ಅಕ್ಕಡಿಯ ಹಾಗೆಯೇ. ಕಂಡದ್ದು, ಕೇಳಿದ್ದು, ಹೀಗಿದ್ದರೆ ಚೆನ್ನೆಂದು ಆಸೆಪಟ್ಟದ್ದು, ಎಲ್ಲ ಒಂದೇ ಸಾಲಿನಲ್ಲಿ ಮೊಳೆಯುತ್ತವೆ. ಯಾವುದರಿಂದ ಎಷ್ಟು ಬಂತೆಂದು ಹೇಳುವುದಕ್ಕಾಗುವುದಿಲ್ಲ.

ಓದು ಮುಗಿಸಿದ ಮೇಲೆ ಮಾದೇವನಿಗೆ ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಒಂದು ಸರ್ಕಾರಿ ಹೊಲ ನೋಡಿಕೊಳ್ಳುವ ಕೆಲಸವಾಯಿತು. ಮನೆಗೆ ಹತ್ತಿರ ಎಂದು ಎಲ್ಲರಿಗೂ ಸಂತೋಷ. ಆ ವರ್ಷ ಬಿತ್ತನೆಗೆ ರಜ ಹಾಕಿ ಬಂದವನು, ಕೂರಿಗೆ ಕಟ್ಟಿದಾಗ ಅಪ್ಪನನ್ನು ಮುಂದಕ್ಕೆ ಬಿಟ್ಟು, ತಾನು ಹೆಂಗಸರ ಹಾಗೆ ಮಡಿಲಲ್ಲಿ ಅವರೆ ಕಟ್ಟಿಕೊಂಡು ಹಿಂದೆ ನಡೆದ. ಅದೇ ತುಂಡಿನಲ್ಲಿ. ಬದುವಿನ ಮೇಲೆ ನಿಂತವರು ಸುಮ್ಮನಿರುತ್ತಾರೆಯೆ?

“ಲೇ, ಬಿ.ಎಸ್ಸಿ.ಗ ಒಂದ್ ಸೀರೆ ಉಡ್ಸ್ರಲಾ!”

“ಕುಬುಸಾನೂ ತನ್ನಿ, ಎಲ್ಡೂ ಉಡ್ತೀನಿ” ಎಂದನಂತೆ ಮಾದೇವ, ಕಾಳು ಬಿಡುವುದನ್ನು ನಿಲ್ಲಿಸದೆ.

ಅವನು ಸೊಂಟಕ್ಕೆ ಕಟ್ಟಿದ್ದು ಚಿಕ್ಕವ್ವನ ಹಳೆಯ ಸೀರೆಯ ತುಂಡೆಂದು ನನ್ನ ನೆನಪು. ಅಲ್ಲ, ಅಣ್ಣನ ಟವಲು ಎನ್ನುತ್ತಾನೆ ಗುರು. ಅವನು ಹೇಳುವುದೇ ಸರಿಯಿರಬೇಕು. ಆದರೂ ನಾನು ಸೀರೆಯನ್ನೇ ಇಟ್ಟುಕೊಂಡಿದ್ದೇನೆ.

ಬೆಟ್ಟದ ಬುಡದ ಚಳಿಜ್ವರ ನಮ್ಮ ಕಡೆಯವರಿಗೆ ಹೊಸದಲ್ಲ. ಮಾದೇವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಾಗ ಹುಚ್ಚೆಳ್ಳು ಹೂ ಬಿಟ್ಟಿತ್ತು. ಕ್ವಿನೈನು ಕೊಟ್ಟರು, ಯಳಂದೂರಿನಿಂದ ಡಾಕ್ಟರು ಬಂದರು, ಮಾದಪ್ಪನಿಗೆ ಹರಕೆ ಕಟ್ಟಿದರು. ಕಾರ್ತಿಕ ಮುಗಿಯುವ ಮೊದಲೇ ಅವನು ಹೋದ. ನಮ್ಮಲ್ಲಿ ಹೂಳುವ ಪದ್ಧತಿ. ನೆಲವಿದ್ದವರು ಸ್ವಂತ ನೆಲದಲ್ಲೇ. ಅವನು ಹಗ್ಗ ಹಿಡಿದು ಅಳೆದ ತುಂಡಿನ ಒಂದು ಮೂಲೆಯಲ್ಲೇ ಅವನನ್ನು ಇಟ್ಟರು. ಅವನು ಬಿಟ್ಟ ಅವರೆ ಪುಷ್ಯದಲ್ಲಿ ಕಾಯಿ ಕಟ್ಟಿತು. ಚಿಕ್ಕವ್ವ ಆ ವರ್ಷ ಮನೆಯಲ್ಲಿ ಅವರೆಯ ಸಾರು ಮಾಡಲಿಲ್ಲ. ಅಷ್ಟನ್ನೂ ಬೀಜಕ್ಕೆಂದು ಬೂದಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟಳು. ಅಲ್ಲಿಂದ ಮುಂದೆ ಆ ಹೊಲದ ಅಕ್ಕಡಿಯಲ್ಲಿ ಬೀಳುವುದು ಅದರ ಪೀಳಿಗೆಯೇ.

ಈಗ ಹೇಳಿ. ಬೆಂಗಳೂರಿನ ಕಾಲೇಜಿನ ಫಲವೇನು ಎಂದು ಬರೆಯಬೇಕಾದ ಜಾಗದಲ್ಲಿ ನಾನು ಏನು ಬರೆಯಲಿ? ಚಳಿಜ್ವರಕ್ಕೂ ಕಾಲೇಜಿಗೂ ಸಂಬಂಧವಿಲ್ಲ ಎಂದು ನನ್ನ ತರ್ಕಶಾಸ್ತ್ರ ಹೇಳುತ್ತದೆ. ಓದದಿದ್ದರೆ ಆ ಕೆಲಸವಿಲ್ಲ, ಆ ಕೆಲಸವಿಲ್ಲದಿದ್ದರೆ ಬೆಟ್ಟದ ಬುಡವಿಲ್ಲ ಎಂದು ಚಿಕ್ಕವ್ವನ ಮೌನ ಹೇಳುತ್ತದೆ. ಎರಡೂ ಸರಿ. ಅಂಥ ಕಡೆ ನನ್ನಂಥವನ ತಕ್ಕಡಿಯ ಮುಳ್ಳು ನಡುವೆ ನಿಂತು ನಡುಗುತ್ತಿರುತ್ತದೆ.

ನಾನೇನೂ ಬರೆಯದಿದ್ದುದನ್ನು ಕಂಡು ಚಿಕ್ಕಪ್ಪ, “ಇನ್ನೊಂದ್ ಕಡೇದಾರ ನೋಡವ ನಡಿ” ಎಂದರು. ಕೊಯಮತ್ತೂರಿನಲ್ಲಿ ಓದಿದ ರಾಚಪ್ಪ ಎಂಬವರು ಹನೂರಿನಲ್ಲಿ ಬೇಸಾಯದ ಇಲಾಖೆಯ ಕೆಲಸದಲ್ಲಿದ್ದಾರೆ ಎಂದು ಯಾರೋ ಹೇಳಿದ್ದರು. ಮಹದೇಶ್ವರ ಬೆಟ್ಟದ ಯಾತ್ರಿಕರು ತುಂಬಿದ್ದ ಬಸ್ಸಿನಲ್ಲಿ ನಾವಿಬ್ಬರೂ ತೂರಿಕೊಂಡೆವು. ಬಸ್ಸಿನ ತುಂಬ ‘ಉಘೇ ಮಾದಪ್ಪ’. ಅವರೆಲ್ಲ ವರ ಕೇಳಲು ಹೋಗುತ್ತಿದ್ದರು. ನಾವು ಕಾಲೇಜು ಕೇಳಲು. ಪಕ್ಕದವನೊಬ್ಬ “ಏನ್ ಅರಕೆ ಬುದ್ಧಿ ನಿಮ್ದು?” ಎಂದು ಕೇಳಿದಾಗ ಚಿಕ್ಕಪ್ಪ, “ತೀರೋಯ್ತು” ಎಂದರು.

ರಾಚಪ್ಪನವರು ದುಂಡಗಿನ ಮನುಷ್ಯ. ಗಡಿಯ ಹಳ್ಳಿಯವರು, ತಮಿಳಿನಲ್ಲಿ ಕರೆದು ಕನ್ನಡದಲ್ಲಿ ಕೂರಿಸಿದರು.

“ವಾಂಗ ವಾಂಗ ಯಜಮಾನ್ರೆ, ಕೂತ್ಕಳಿ. ನನ್ನ ಇಲ್ಲಿ ಗೊಬ್ಬರದ ರಾಚಪ್ಪ ಅಂತಾರೆ, ಬೇಜಾರಿಲ್ಲ. ರಾಜಪ್ಪ ಅಂತ ಇನ್ನೊಬ್ಬರು ಆಫೀಸರು ಕೊಳೆತ ಎಲೆ ಗೊಬ್ಬರ ಅಂತ ಬಾಷಣ ಮಾಡಿ ಕೊಳೆತ ರಾಜಪ್ಪ ಆಗವ್ರೆ.”

ನಾನು ವಿಷಯ ಹೇಳಿದೆ. ಅವರಿಗೆ ಖುಷಿಯಾಯಿತು. ತಮ್ಮ ಕಾಲೇಜಿನ ಹತ್ತಿಯ ಹೊಲ, ಹಸುವಿನ ಕೊಟ್ಟಿಗೆ, ಹಾಸ್ಟೆಲಿನ ಸಾಂಬಾರು ಎಲ್ಲವನ್ನೂ ಹೊಗಳಿದರು.

“ಸಾ, ನಿಮ್ಗೂ ಜಮೀನು ಅದ?” ಎಂದರು ಚಿಕ್ಕಪ್ಪ.

“ಅದೆ ಯಜಮಾನ್ರೆ. ವಾರಕ್ಕ ಕೊಟ್ಟಿವ್ನಿ, ಬೆಳೇಲಿ ಅರ್ಧ ಬತ್ತದೆ.”

“ಯಾಕ ಸಾ? ನೀವೇ ಮಾಡ್ಬೋದಲ್ಲ, ಓದಿದ್ದೀರಿ.”

“ಓದಿದ್ದು ಊರೋರ್ಗೆಲ್ಲ ಏಳ್ಕೊಡಕ್ಕೆ. ಏಳೋಕೇ ದಿನ ಸಾಲ್ದು, ಇನ್ನ ಉಳೋದು ಯಾವಾಗ?” ರಾಚಪ್ಪನವರು ತಾವೇ ಜೋರಾಗಿ ನಕ್ಕರು. “ನಮ್ಮ ಕ್ಲಾಸ್ನಲ್ಲಿ ಓದ್ದೋರು ಒಬ್ರೂ ನೇಗ್ಲು ಇಡೀತಿಲ್ಲ ಯಜಮಾನ್ರೆ. ಎಲ್ರೂ ಸೈಕಲ್ ಇಡ್ದವ್ರೆ. ಆ ಕಡೆ ಬೆಂಗಳೂರಲ್ಲಿ ಓದ್ದೋರು ಎಂಗವ್ರೆ? ನಿಮ್ಗೆ ಗೊತ್ತಿರೋರು ಯಾರಾರ ಅವ್ರಾ?”

ಚಿಕ್ಕಪ್ಪ ವಲ್ಲಿಯನ್ನು ಹೆಗಲಿನಿಂದ ತೆಗೆದು, ಮಡಿಸಿ, ಮತ್ತೆ ಹೆಗಲಿಗೆ ಹಾಕಿಕೊಂಡರು.

“ಒಬ್ಬ ಇದ್ದ ಸಾ. ಚೆಂದಾಗಿ ಓದ್ದ.”

ರಾಚಪ್ಪನವರಿಗೆ ಅರ್ಥವಾಯಿತು. ಅವರ ನಗು ಮುಖದ ಮೇಲೆ ಒಂದು ಕ್ಷಣ ಹಾಗೇ ಉಳಿದು, ಏನು ಮಾಡಬೇಕೆಂದು ತಿಳಿಯದೆ ಇಳಿದುಹೋಯಿತು. ಎಲ್ಲಿ, ಹೇಗೆ ಎಂದು ಕೇಳಿದರು. ಬೆಟ್ಟದ ಬುಡ, ಚಳಿಜ್ವರ ಎಂದು ಚಿಕ್ಕಪ್ಪ ಎರಡು ಮಾತಿನಲ್ಲಿ ಮುಗಿಸಿದರು. ಒಳಗಿನಿಂದ ಕಾಫಿ ಬಂತು. ಮೂವರೂ ಅದನ್ನು ಬಹಳ ಗಮನವಿಟ್ಟು ಕುಡಿದೆವು.

ಹೊರಡುವಾಗ ರಾಚಪ್ಪನವರು ಬಸ್ಸಿನವರೆಗೂ ಬಂದರು. “ಯಜಮಾನ್ರೆ, ಉಡುಗನ್ನ ಯಾವ ಕಾಲೇಜ್ಗಾರ ಕಳ್ಸಿ. ಎರಡ್ರಲ್ಲೂ ಪಾಟ ಒಂದೇ. ಸೊಳ್ಳೆಪರದೆ ಮಾತ್ರ ಕೊಟ್ಟು ಕಳ್ಸಿ.”

ಖರ್ಚು, ಫಲ ಎಂದು ಅಷ್ಟು ದೂರ ಅಲೆದದ್ದಕ್ಕೆ ಸಿಕ್ಕ ಖಂಡಿತವಾದ ಮಾತೆಂದರೆ ಇದೊಂದೇ. ಕೊಳ್ಳೇಗಾಲದಲ್ಲಿ ಇಳಿದ ಮೇಲೆ ಚಿಕ್ಕಪ್ಪ ನನಗೆ ಹೇಳದೆ ಅಂಗಡಿ ಬೀದಿಗೆ ಹೋಗಿ ಬಂದರು. ಕಂಕುಳಲ್ಲಿ ಕಾಗದ ಸುತ್ತಿದ ಒಂದು ಗಂಟಿತ್ತು. ಏನೆಂದು ನಾನು ಕೇಳಲಿಲ್ಲ.

ಮರುದಿನ ಮಾಂಬಳ್ಳಿಗೆ ಹೋದೆವು. ತೀರ್ಪು ಹೇಳಬೇಕಾದವನು ನಾನು. ಗುರು ಕಂಬಕ್ಕೆ ಒರಗಿ ನಿಂತಿದ್ದ. ಅವನ ಕಣ್ಣು ನನ್ನ ಬಾಯಿಯ ಮೇಲಿರಲಿಲ್ಲ, ಅವ್ವನ ಬೆನ್ನಿನ ಮೇಲಿತ್ತು. ಚಿಕ್ಕವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಒಂದು ದೃಷ್ಟಿಯಿಂದ ನೋಡಿದರೆ ಹೀಗೆ, ಇನ್ನೊಂದು ದೃಷ್ಟಿಯಿಂದ ನೋಡಿದರೆ ಹಾಗೆ ಎಂದು ಶುರುಮಾಡಿದೆ. ಚಿಕ್ಕವ್ವ ಕೋಲನ್ನು ಮಡಕೆಯಿಂದ ತೆಗೆಯದೆ ಕೇಳಿದಳು:

“ಕೊಯಮತ್ತೂರ್ಲಿ ಓದುದ್ರ ಕೆಲ್ಸ ಯಾವ ಸರ್ಕಾರದೋರು ಕೊಡದು ಮಗ?”

“ಮದರಾಸಿನವರು, ಚಿಕ್ಕವ್ವ.”

“ಅವ್ರು ಇವನ್ನ ನಮ್ ಬೆಟ್ಟದ ಬುಡಕ್ಕ ಆಕ್ಬೋದಾ?”

“ಇಲ್ಲ. ಬೆಟ್ಟದ ಈ ಮಗ್ಗುಲು ಮೈಸೂರಿನದು. ಅವರಿಗೆ ಸೇರಿದ್ದಲ್ಲ.”

“ಅಂಗಾರ ಅಲ್ಲಿಗೇ ಓಗ್ಲಿ” ಎಂದಳು ಚಿಕ್ಕವ್ವ.

ಮುಗಿಯಿತು. ಇಡ್ಲಿ ದೋಸೆಗಳ ನಡುವೆ ಹಸಿದಿರುವ ನಾನು ಬೆರಗಾಗಿ ಕೂತೆ. ಖರ್ಚಿಲ್ಲ, ಫಲವಿಲ್ಲ; ಒಂದು ಬೆಟ್ಟದ ಬುಡ ಯಾವ ಸರ್ಕಾರದ ನಕ್ಷೆಯಲ್ಲಿ ಬರುತ್ತದೆಂದು ನೋಡಿ ಅವಳು ಮಗನಿಗೆ ಕಾಲೇಜು ಆರಿಸಿದಳು. ಸೊಳ್ಳೆಗಳು ಗಡಿ ನೋಡಿ ಹಾರುವುದಿಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಹನೂರಿನಿಂದ ಆಚೆ, ಮದರಾಸಿನ ನೆಲದಲ್ಲೂ ಬೆಟ್ಟಗಳಿವೆ, ಅವಕ್ಕೂ ಬುಡಗಳಿವೆ, ಅಲ್ಲೂ ಚಳಿಜ್ವರವಿದೆ. ಎಲ್ಲದಕ್ಕೂ ಅನುಮಾನಪಟ್ಟು ಮಾತಾಡುವ ನಾನು ಆ ಹೊತ್ತು ಬಾಯಿ ಮುಚ್ಚಿಕೊಂಡೆ. ಈಗ ಮನೆಮನೆಗೂ ಔಷಧಿ ಹೊಡೆಯುತ್ತಿದ್ದಾರೆ, ಜ್ವರ ಮೊದಲಿನಷ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕರುಣೆಯೋ ಹೇಡಿತನವೋ ಎಂದು ಕೇಳಿದರೆ, ಬೆರಕೆ ಸಾಲು ಎನ್ನಬೇಕಾಗುತ್ತದೆ.

ಗುರು ಹೊರಡುವ ದಿನ ಟ್ರಂಕು ಕಟ್ಟುವಾಗ ಚಿಕ್ಕಪ್ಪ ಆ ಕಾಗದದ ಗಂಟನ್ನು ತಂದು, ಯಾರ ಮುಖವನ್ನೂ ನೋಡದೆ ಕೆಳಗಿಟ್ಟರು. ಚಿಕ್ಕವ್ವ ಬಿಚ್ಚಿ ನೋಡಿದಳು. ಬಿಳಿಯ ಸೊಳ್ಳೆಪರದೆ. ಅವಳು ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ಆಗ ನನಗೆ ತಿಳಿಯಿತು. ಗಡಿ ಯಾರನ್ನೂ ಕಾಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನನಗೆ ಗೊತ್ತಿದೆಯೆಂದೂ ಗೊತ್ತಿತ್ತು. ಮಗನನ್ನು ಕಳಿಸುವುದಕ್ಕೆ ಅವಳಿಗೊಂದು ಕಾರಣ ಬೇಕಾಗಿತ್ತು; ನಿಜವಾದ ಕಾರಣ ಯಾವುದೂ ಸಾಲುತ್ತಿರಲಿಲ್ಲ. ಅವಳು ಪರದೆಯನ್ನು ಸೀರೆ ಮಡಿಸುವ ಹಾಗೆ ನಾಲ್ಕು ಮಡಿಕೆ ಮಾಡಿ, ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು. “ಮೊದ್ಲು ಇದ ಕಟ್ಟು. ಆಮೇಲೆ ಪುಸ್ತಕ ತಗಿ” ಎಂದಳು ಗುರುವಿಗೆ.

ಈ ಸಂಕ್ರಾಂತಿಗೆ ಗುರು ರಜಕ್ಕೆ ಬಂದಿದ್ದ. ಕೊಯಮತ್ತೂರಿನಲ್ಲಿ ಮುದ್ದೆ ಸಿಕ್ಕುವುದಿಲ್ಲವಂತೆ. ಪರದೆ ಕಟ್ಟಿಕೊಂಡು ಮಲಗುವ ಇವನನ್ನು ಕಂಡು ಹಾಸ್ಟೆಲಿನ ಹುಡುಗರು ‘ಮಾಪ್ಪಿಳ್ಳೈ’, ಮದುವೆಗಂಡು, ಎಂದು ಕರೆಯುತ್ತಾರಂತೆ. ಪತ್ರಿಕೆಗಳಲ್ಲಿ ನೋಡಿದರೆ ಇನ್ನೇನು ಕನ್ನಡದವರೆಲ್ಲ ಒಂದೇ ರಾಜ್ಯವಾಗುತ್ತೇವಂತೆ. ಚಿಕ್ಕವ್ವ ನೆಚ್ಚಿದಂತೆ ನಟಿಸಿದ ಗಡಿ ಅಳಿಸಿಹೋಗುತ್ತದಂತೆ. ಈ ಸುದ್ದಿಯನ್ನು ನಾನು ಅವಳಿಗೆ ಓದಿ ಹೇಳಿಲ್ಲ. ಅವಳೂ ಕೇಳಿಲ್ಲ.

ಅವರೆ ಕೀಳುತ್ತಿದ್ದೇವೆ ಬಾ ಎಂದು ಕರೆದರೆಂದು ನಾನೂ ಹೊಲಕ್ಕೆ ಹೋಗಿದ್ದೆ. ರಾಗಿ ಕೊಯ್ದಾಗಿತ್ತು, ಕೂಳೆಯ ನಡುವೆ ಅಕ್ಕಡಿ ಸಾಲುಗಳು ಮಾತ್ರ ಹಸುರಾಗಿ ಉಳಿದಿದ್ದವು. ಚಿಕ್ಕವ್ವ ಬಗ್ಗಿ ಕಾಯಿ ಬಿಡಿಸುತ್ತಿದ್ದಳು. ಗುರು ಕಾಲೇಜಿನಲ್ಲಿ ಒಪ್ಪಿಸಲು ಇಳುವರಿಯ ಲೆಕ್ಕ ಮಾಡಬೇಕೆಂದು ಟೇಪು ಹಿಡಿದು ಆ ತುಂಡನ್ನು ಅಳೆಯುತ್ತಿದ್ದವನು, ಮೂಲೆಯ ಹತ್ತಿರ ಬಂದು ನಿಂತ. ಅಲ್ಲಿ ನೇಗಿಲು ತಾಕದ ಒಂದಿಷ್ಟು ನೆಲ, ನಾಲ್ಕು ಕಲ್ಲು, ಒಂದು ಬಿಲ್ವದ ಸಸಿ.

“ಅವ್ವ, ಅಣ್ಣನ ಜಾಗ ಬುಟ್ಟು ಅಳೀಲಾ, ಸೇರ್ಸಿ ಅಳೀಲಾ?”

ಚಿಕ್ಕವ್ವ ತಲೆಯೆತ್ತಲಿಲ್ಲ. “ಸೇರ್ಸಿ ಅಳಿ. ಅವ್ನೂ ಒಲ್ದಲ್ಲೇ ಅವ್ನಲ್ಲ.”

“ಅಂಗ್ ಮಾಡುದ್ರ ಎಕ್ರೆಗ ಕಮ್ಮಿ ತೋರ್ತದ ಕವ್ವ.”

“ತೋರ್ಲಿ ಬುಡು ಮಗ. ಕಮ್ಮಿಯಾಗಿರಾದು ದಿಟ ತಾನೆ?”

ಗುರು ಟೇಪನ್ನು ಆ ಕಲ್ಲುಗಳನ್ನು ದಾಟಿಸಿ ಬದುವಿನ ತನಕ ಎಳೆದ. ನಾನು ಅದರ ಇನ್ನೊಂದು ತುದಿ ಹಿಡಿದುಕೊಂಡೆ.

ಮರುದಿನ ಕೊಳ್ಳೇಗಾಲಕ್ಕೆ ಬಂದರೆ ಜಗಲಿಯ ಮೇಲೆ ನೆಂಟರೊಬ್ಬರು ಕಾದಿದ್ದರು. ಹೊಲಿಗೆ ಯಂತ್ರದ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. ನಾನು ಪಕ್ಕದಲ್ಲಿ ಕೂತೊಡನೆ ಅವರು ಮೂಗರಳಿಸಿ, “ಒಳ್ಳೆ ಅವರೆ ಸೊಗಡು. ಎಲ್ಲಿ ಕೊಂಡ್ರಿ?” ಎಂದು ಕೇಳಿದರು. ಕೊಂಡದ್ದಲ್ಲ ಎಂದೆ. ಅದೊಂದನ್ನು ಮಾತ್ರ ನಾನು ಅನುಮಾನವಿಲ್ಲದೆ ಹೇಳಿದೆ. ಆಮೇಲೆ ಅವರು ಕೈಯಲ್ಲಿ ತಿರುಗಿಸುವುದರ ಗುಣ, ಕಾಲಲ್ಲಿ ತುಳಿಯುವುದರ ಗುಣ ವಿವರಿಸುತ್ತಾ ಹೋದರು. ನಾನು ಕೈ ತೊಳೆಯದೆ ಕೇಳುತ್ತಾ ಕೂತಿದ್ದೆ.